ಸದಿಶ ರೇಖಾಗಣಿತ: ಅಕ್ಷರಗಳಲ್ಲೇ ಬಿಡಿಸುವುದೋ, ನಿರ್ದೇಶಾಂಕ ಹಾಕುವುದೋ?

ತೀರ್ಥಹಳ್ಳಿ, ಹೊಸನಗರಗಳ ಕಡೆಯಿಂದ ಬಂದು ಶಿವಮೊಗ್ಗದಲ್ಲಿ ವಿಜ್ಞಾನ ಪಿಯುಸಿ ಓದುವವರಿಗೆ ದ್ವಿತೀಯ ವರ್ಷದ ವೆಕ್ಟರ್ ಪಾಠದಲ್ಲಿ ಎರಡು ದಾರಿಗಳು ಎದುರಾಗುತ್ತವೆ: ಸದಿಶಗಳನ್ನು (ಉದ್ದವೂ ದಿಕ್ಕೂ ಇರುವ ವೆಕ್ಟರ್‌ಗಳನ್ನು) ಅಕ್ಷರಗಳಾಗಿಯೇ ಉಳಿಸಿಕೊಂಡು ಬಿಡಿಸುವುದು, ಇಲ್ಲವೇ ಅವುಗಳನ್ನು ಘಟಕಗಳಾಗಿ, ಎಂದರೆ ಮೂರು ಅಕ್ಷಗಳ ದಿಕ್ಕಿನ ಸಂಖ್ಯೆಗಳಾಗಿ, ಒಡೆದು ಲೆಕ್ಕ ಹಾಕುವುದು.

ಅಳತೆಗಳನ್ನು ಕೊಡದೆ ‘ಸಾಧಿಸಿ’ ಎನ್ನುವ ಪ್ರಶ್ನೆಗಳಿಗೆ ಮೊದಲನೆಯದೇ ಸೂಕ್ತ. ತ್ರಿಭುಜದ ಒಂದು ಶೃಂಗವನ್ನು ಮೂಲಬಿಂದುವಾಗಿಟ್ಟು ಉಳಿದೆರಡನ್ನು ಬಿ, ಸಿ ಎಂದುಕೊಂಡರೆ, ಅಲ್ಲಿಂದ ಹೊರಡುವ ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ಸದಿಶ (ಸಿ − ಬಿ)/2. ಅದು ಮೂರನೆಯ ಬಾಹುವಿಗೆ ಸಮಾಂತರವೆಂಬುದೂ ಅದರ ಅರ್ಧವೆಂಬುದೂ ಒಂದೇ ಸಾಲಿನಲ್ಲಿ ತಿಳಿಯುತ್ತದೆ.

ಸಂಖ್ಯೆಗಳು ಕೊಟ್ಟಿದ್ದರೆ ಘಟಕಗಳೇ ವಾಸಿ, ಆದರೆ ಚಿಹ್ನೆಯ ಮೇಲೆ ಕಣ್ಣಿಡಬೇಕು. ಶೃಂಗಗಳು (1, 0, 2), (3, 1, 2), (1, 2, 3) ಆಗಿದ್ದರೆ ಮೊದಲ ಶೃಂಗದಿಂದ ಹೊರಡುವ ಬಾಹುಗಳು (2, 1, 0) ಮತ್ತು (0, 2, 1). ಅವುಗಳ ಸದಿಶ ಗುಣಲಬ್ಧ, ಎಂದರೆ ಎರಡಕ್ಕೂ ಲಂಬವಾದ ಸದಿಶವನ್ನು ಕೊಡುವ ಗುಣಾಕಾರ, (1, −2, 4); ತ್ರಿಭುಜದ ವಿಸ್ತೀರ್ಣ ಅದರ ಉದ್ದದ ಅರ್ಧ, √21/2. ಇಲ್ಲಿ ಮಧ್ಯದ ಘಟಕದ ಋಣಚಿಹ್ನೆಯನ್ನು ಮರೆತರೂ ವಿಸ್ತೀರ್ಣ ಸರಿಯಾಗಿಯೇ ಬರುವುದರಿಂದ ತಪ್ಪು ಗೊತ್ತೇ ಆಗುವುದಿಲ್ಲ, ಲಂಬ ಸದಿಶವನ್ನು ಕೇಳಿದಾಗ ಮಾತ್ರ ಅಂಕ ಹೋಗುತ್ತದೆ. ಉತ್ತರವನ್ನು ಮೊದಲ ಬಾಹುವಿನೊಡನೆ ಅದಿಶ ಗುಣಲಬ್ಧಕ್ಕೆ (ಘಟಕಗಳನ್ನು ಜೋಡಿಯಾಗಿ ಗುಣಿಸಿ ಕೂಡಿದ ಮೊತ್ತ; ಲಂಬವಾಗಿದ್ದರೆ ಸೊನ್ನೆ) ಹಾಕಿ ನೋಡಿದರೆ ಸಾಕು: 2 − 2 + 0 ಸೊನ್ನೆಯಾಗುತ್ತದೆ, ಚಿಹ್ನೆ ತಪ್ಪಿದ್ದರೆ 4 ಬರುತ್ತದೆ.

ಘನದ (ಕ್ಯೂಬ್) ಪ್ರಶ್ನೆಗಳಲ್ಲಿ ಸಂಖ್ಯೆಗಳಿಲ್ಲದಿದ್ದರೂ ನಾನು ಘಟಕಗಳನ್ನೇ ಆರಿಸುತ್ತೇನೆ, ಏಕೆಂದರೆ ಅಂಚುಗಳೇ ಅಕ್ಷಗಳಾಗುತ್ತವೆ. (1, 1, 1) ಮತ್ತು (1, 1, −1) ಎಂಬ ಎರಡು ಕರ್ಣಗಳ ನಡುವಿನ ಕೋನದ ಕೊಸೈನ್ 1/3 ಎಂದು ಬಾಯಲ್ಲೇ ಹೇಳಬಹುದು.