ವಿದುರಾಶ್ವತ್ಥವೋ, ಗುಡಿಬಂಡೆಯೋ?

ಭಾನುವಾರ ಮನೆಮಂದಿಯೆಲ್ಲಾ ಒಂದು ದಿನ ನಡೆದಾಡಿ ಬರಬೇಕು ಅಂತಿದ್ದರೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಎರಡು ಒಳ್ಳೆ ಜಾಗಗಳಿವೆ.

ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥ ಉತ್ತರ ಪಿನಾಕಿನಿ ದಡದಲ್ಲಿದೆ. ಹತ್ತುವ ಕಷ್ಟವಿಲ್ಲ, ಅಜ್ಜಿ ತಾತನೂ ನಿಧಾನಕ್ಕೆ ಓಡಾಡಬಹುದು. ಸಾಲುಸಾಲು ನಾಗರಕಲ್ಲುಗಳನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇಲ್ಲೇ. ಮಕ್ಕಳನ್ನು ಸ್ಮಾರಕದ ಮುಂದೆ ನಿಲ್ಲಿಸಿ ಈ ಕಥೆ ಹೇಳಿ. ಪಾಠದ ಪುಸ್ತಕದಲ್ಲಿ ಓದೋದೇ ಬೇರೆ, ಆ ನೆಲದ ಮೇಲೆ ನಿಂತು ಕೇಳೋದೇ ಬೇರೆ ಅಲ್ವಾ? ಒಂದು ಮಾತು: ಹೊಳೆಯಲ್ಲಿ ನೀರು ಹರಿಯೋದು ಒಳ್ಳೆ ಮಳೆಯಾದಾಗ ಮಾತ್ರ. ನೀರಾಟದ ಆಸೆ ತೋರಿಸಿ ಮಕ್ಕಳನ್ನು ಕರೆದೊಯ್ಯಬೇಡಿ.

ಗುಡಿಬಂಡೆಯಲ್ಲಿ ಹೊಳೆ ಇಲ್ಲ, ಕೆರೆ ಇದೆ. ಪಾಳೇಗಾರ ಬೈರೇಗೌಡನ ಕೋಟೆಯ ಗೋಡೆ, ಬಾಗಿಲು, ಬಂಡೆಯ ನಡುವಿನ ಮಳೆನೀರಿನ ದೊಣೆಗಳನ್ನು ನೋಡುತ್ತಾ ಬೆಟ್ಟ ಹತ್ತಬೇಕು. ಮೇಲಿಂದ ಅಮಾನಿ ಬೈರಸಾಗರ ಕೆರೆ ಕಾಣುತ್ತೆ. ಆದರೆ ಬಿಸಿಲು ಜಾಸ್ತಿ, ಮಂಡಿನೋವಿನವರಿಗೆ ಆಗಲ್ಲ. ಬೆಳಿಗ್ಗೆ ಬೇಗ ಹೊರಡಿ, ನೀರು ಮರೆಯಬೇಡಿ.

ಹಿರಿಯರು ಜೊತೆಗಿದ್ದರೆ ನಾನು ವಿದುರಾಶ್ವತ್ಥ ಅಂತಲೇ ಹೇಳ್ತೀನಿ. ಹತ್ತು ವರ್ಷ ದಾಟಿದ ಚುರುಕು ಮಕ್ಕಳಿದ್ದರೆ ಗುಡಿಬಂಡೆಗೇ ಹೋಗಿ.