ಮುಖವೋ, ಸರಕೋ?

ಫೋಟೋಗ್ರಫಿಯನ್ನು ಕಸುಬಾಗಿಸಿಕೊಳ್ಳುವವರು ಜನರ ಭಾವಚಿತ್ರ ತೆಗೆಯಬೇಕೋ, ಜಾಹೀರಾತಿಗೆ ಸರಕಿನ ಚಿತ್ರ ತೆಗೆಯಬೇಕೋ? ಭಾವಚಿತ್ರಕ್ಕೆ ಮಾತು ಬೇಕು. ಎದುರಿಗೆ ಕುಳಿತವರ ಭುಜ ಸಡಿಲವಾಗುವವರೆಗೆ ಹರಟಬೇಕು. ಮುಖಕ್ಕೆ ಒಪ್ಪುವ 85 ಎಂಎಂ ಲೆನ್ಸ್, ದೀಪದ ಬೆಳಕನ್ನು ಮೃದುವಾಗಿಸುವ ಒಂದು ಸಾಫ್ಟ್‌ಬಾಕ್ಸ್ ಇದ್ದರೆ ಉಳಿದದ್ದು ನಡೆಯುತ್ತದೆ.

ಜಾಹೀರಾತಿನ ಕೆಲಸಕ್ಕೆ ತಾಳ್ಮೆ ಬೇಕು. ಕೈಗಡಿಯಾರದ ಮುಳ್ಳುಗಳನ್ನು 10 ಗಂಟೆ 10 ನಿಮಿಷದ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ, ಕಂಪನಿಯ ಹೆಸರು ಮರೆಯಾಗದಿರಲೆಂದು. ತಂಪು ಪಾನೀಯದ ಬಾಟಲಿಯ ಮೇಲಿನ ಹನಿಗಳು ಸಾಮಾನ್ಯವಾಗಿ ಗ್ಲಿಸರಿನ್ ಬೆರೆಸಿದ ನೀರು. ಬರೀ ನೀರಾದರೆ ಜಾರಿಹೋಗುತ್ತದೆ. ಅಂಥ ಒಂದೇ ಚಿತ್ರಕ್ಕೆ ಅರ್ಧ ದಿನ ಹಿಡಿದದ್ದುಂಟು. ಬಾಟಲಿ ಕಣ್ಣು ಮಿಟುಕಿಸುವುದಿಲ್ಲ ಎಂಬುದೊಂದೇ ಸಮಾಧಾನ.

ಭಾವಚಿತ್ರದ ಹಣ ಚಿಕ್ಕದು, ಆದರೆ ಬೇಗ ಕೈಸೇರುತ್ತದೆ. ಜಾಹೀರಾತಿನಲ್ಲಿ ಚಿತ್ರವನ್ನು ಎಲ್ಲಿ, ಎಷ್ಟು ಕಾಲ ಬಳಸುತ್ತಾರೆ ಎಂಬುದಕ್ಕೂ ಶುಲ್ಕ ಕೇಳಬಹುದು. ಬಿಲ್ ಪಾಸಾಗಲು ಮಾತ್ರ ತಿಂಗಳುಗಟ್ಟಲೆ ಕಾಯಬೇಕಾದೀತು. ಅಪರಿಚಿತರೊಡನೆ ಮಾತಾಡಲು ಸಂಕೋಚವಿದ್ದರೆ ಎರಡನೆಯದನ್ನೇ ಹಿಡಿಯಿರಿ.