ಕುಂದುವಾಡ ಕೆರೆ ಮೇಲೆ ಭಾನುವಾರದ ಮಕ್ಕಳ ನಡಿಗೆ: 150 ರೂಪಾಯಿಗೆ ಮೋಸ ಇಲ್ಲ

ಕೆರೆ ಏರಿ ಮೇಲೆ ಓಡಾಡೋಕೂ ದುಡ್ಡು ಕೊಡ್ಬೇಕಾ ಅಂತ ನಮ್ಮ ಯಜಮಾನ್ರು ಗೊಣಗಿದ್ರು. ದಾವಣಗೆರೆಯವರಿಗೆ ಕುಂದುವಾಡ ಕೆರೆ ಅಂದ್ರೆ ವಾಕಿಂಗು, ಪಕ್ಕದ ಗಾಜಿನ ಮನೆ, ಬರುವಾಗ ಮಂಡಕ್ಕಿ ಮೆಣಸಿನಕಾಯಿ. ಅಷ್ಟಕ್ಕೆ ಯಾರೂ ಫೀಸು ಕೇಳಲ್ಲ.

ಇದು ಮಕ್ಕಳಿಗೆ ಹಕ್ಕಿ, ಹುಳ ತೋರಿಸೋ ನಡಿಗೆ, ನಡೆಸೋರು ಇಬ್ಬರು ಹುಡುಗರು. ಆರೂವರೆಗೆ ಬನ್ನಿ ಅಂತಾರೆ, ಶುರುವಾಗೋದು ಏಳಕ್ಕೆ. ಬೆಳ್ಳಕ್ಕಿ, ನೀರುಕಾಗೆ, ಹಣೆ ಬಿಳಿ ಇರೋ ನಾಮಕೋಳಿ ಎಲ್ಲಾ ಬೇಗ ಬೇಗ ತೋರಿಸಿ ಮುಗಿಸಿದ್ರು. ದುರ್ಬೀನು ಒಂದೇ ಇತ್ತು, ಅದಕ್ಕೆ ಜಗಳ ಬೇರೆ.

ಆಮೇಲೆ ಒಂದು ಎಕ್ಕದ ಗಿಡದ ಹತ್ರ ನಿಲ್ಸಿದ್ರು ನೋಡಿ, ಅಲ್ಲೇ ನನ್ನ ದುಡ್ಡು ವಸೂಲಾಯ್ತು. ಎಲೆ ಅಡಿಗೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ. ಮೈಮೇಲೆ ಮೂರು ಜೊತೆ ಕರೀ ಕೊಂಬು: ಮುಂದೆ, ಮಧ್ಯ, ಹಿಂದೆ.

"ಸರ್, ಇದರ ತಲೆ ಯಾವ ಕಡೆ ಐತಿ?" ಅಂದ್ಲು ನನ್ನ ಮಗಳು.

"ತಿನ್ನೋ ತನಕ ಕಾಯಮ್ಮ, ಗೊತ್ತಾಗುತ್ತೆ" ಅಂದ ಆ ಹುಡುಗ. ಮೊಬೈಲ್ ಬಿಟ್ಟು ಕೂರದ ಮಕ್ಕಳು ಕುಕ್ಕರುಗಾಲಲ್ಲಿ ಕೂತು ಕಾದ್ರು. ಹುಳ ಎಲೆ ಅಂಚು ಕಚ್ಚಿದ ಕೂಡ್ಲೇ "ಈ ಕಡೆ, ಈ ಕಡೆ!" ಅಂತ ಕಿರುಚಾಟ. ಅದು ಮುಂದೆ ಕಿತ್ತಳೆ ರೆಕ್ಕೆಯ ಪ್ಲೇನ್ ಟೈಗರ್ ಚಿಟ್ಟೆ ಆಗುತ್ತಂತೆ. ಎಕ್ಕದ ಹಾಲಿನ ವಿಷ ಮೈಯಲ್ಲಿ ಸೇರೋದ್ರಿಂದ ಹಕ್ಕಿಗಳು ಅದರ ತಂಟೆಗೆ ಹೋಗಲ್ಲ. ಹಾಲು ಕಣ್ಣಿಗೆ ಬಿದ್ರೆ ಅಪಾಯ ಅಂತ ಮೊದಲೇ ಎಚ್ಚರಿಸಿ, ಎಲೆ ಮುಟ್ಟೋಕೆ ಬಿಡಲಿಲ್ಲ. ಅದು ನನಗೆ ಹಿಡಿಸ್ತು.

ಇನ್ನೊಂದು ಒಳ್ಳೇದು ಮಾಡಿದ್ರು. ಭದ್ರಾ ಕಾಲುವೆ ನೀರು ಈ ಕೆರೆಗೆ ಬಂದು, ಇಲ್ಲಿಂದ ಊರಿನ ನಲ್ಲಿಗಳಿಗೆ ಹೋಗುತ್ತೆ ಅಂತ ಹೇಳಿದ್ರು. ತೇಲ್ತಿದ್ದ ಚಿಪ್ಸ್ ಪ್ಯಾಕೆಟ್ ತೋರಿಸಿ ನನ್ನ ತಂಗಿ ಮಗ "ದೊಡ್ಡಮ್ಮ, ಇದನ್ನೇ ನಾವು ಕುಡಿಯೋದಾ?" ಅಂದ. ಏನು ಹೇಳ್ಲಿ?

ಬೇಡವಾದದ್ದು ಅಂದ್ರೆ ಕೊನೆಗೆ ಕೊಟ್ಟ ಬಣ್ಣ ಹಚ್ಚೋ ಹಾಳೆ. ಪೂರ್ತಿ ಇಂಗ್ಲಿಷು. ಅದರಲ್ಲಿ ಎದೆ ಕೆಂಪಗಿರೋ ಯುರೋಪಿನ ರಾಬಿನ್. ನಮ್ಮ ಹಿತ್ತಲಲ್ಲೇ ಹಾಡೋ ಮಡಿವಾಳ ಹಕ್ಕಿ ಏನು ಪಾಪ ಮಾಡಿತ್ತು? ಯಾವುದೋ ವೆಬ್‌ಸೈಟಿಂದ ಇಳಿಸಿರ್ತಾರೆ. ಅದರ ಬದಲು ಖಾಲಿ ಹಾಳೆ ಕೊಟ್ಟು "ನೋಡಿದ್ದು ಬರೀರಿ" ಅಂದಿದ್ರೆ ನನ್ನ ಮಗಳು ಆ ಹುಳಾನೇ ಬರೀತಿದ್ಲು.

ಐದರಲ್ಲಿ ನಾಲ್ಕು ಕೊಡ್ತೀನಿ. ತೀರಾ ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ, ಒಂಬತ್ತರ ಹೊತ್ತಿಗೆ ಬಿಸಿಲಿಗೆ ಅಳ್ತಾರೆ. ಟೋಪಿ, ನೀರು, ಸಾಧ್ಯವಾದ್ರೆ ನಿಮ್ಮದೇ ದುರ್ಬೀನು ಇಟ್ಕೊಳ್ಳಿ.